ಮೂರು ದಿನದ ಕೆಲಸಕ್ಕೆ ಮೂರೇ ದಿನದ ಪ್ರವೇಶ: ಎಸ್‌ಎಸ್‌ಒ ಮೂಲಕ ಕ್ಲೌಡ್ ಬಾಗಿಲು ತೆರೆಯುವುದು, ಮುಚ್ಚುವುದು

"ಡೇಟಾಬೇಸ್ ಸ್ಥಳಾಂತರಕ್ಕೆ ಹೊರಗಿನವರು ಇಬ್ಬರು ಬರ್ತಿದಾರೆ. ಮೂರು ದಿನದ ಕೆಲಸ. ಎಡಬ್ಲ್ಯುಎಸ್ ಆಕ್ಸೆಸ್ ಕೊಟ್ಟುಬಿಡಿ."

ಎಡಬ್ಲ್ಯುಎಸ್ ಅಂದರೆ ಅಮೆಜಾನ್‌ನ ಕ್ಲೌಡ್ ಸೇವೆ. ಇಂಥ ಮೆಸೇಜು ಬರುವುದು ಶುಕ್ರವಾರ ಸಂಜೆ ಐದೂವರೆಗೇ. ಮಂಗಳವಾರ ಬೆಳಿಗ್ಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಮೊದಮೊದಲು ನನ್ನ ವಿಧಾನ ಸರಳವಾಗಿತ್ತು: ಒಬ್ಬ ಐಎಎಂ ಯೂಸರ್ (ಎಡಬ್ಲ್ಯುಎಸ್ ಒಳಗಿನ ಶಾಶ್ವತ ಬಳಕೆದಾರ) ಮಾಡು, ಪಾಸ್‌ವರ್ಡಿನಂತೆ ಬಳಸುವ ಆಕ್ಸೆಸ್ ಕೀ ತೆಗಿ, ಮೇಲ್‌ ಮಾಡು, ಎದ್ದು ಹೋಗು. ಹಾಗೆ ಕೊಟ್ಟ ಒಂದು ಕೀ ಹದಿನಾಲ್ಕು ತಿಂಗಳಾದ ಮೇಲೆ ನನ್ನ ಕಣ್ಣಿಗೆ ಬಿತ್ತು. ಬೇರೇನನ್ನೋ ಹುಡುಕಲು ಯಾರ ಬಳಿ ಯಾವ ಕೀ ಇದೆ ಎಂದು ಹೇಳುವ ಕ್ರೆಡೆನ್ಶಿಯಲ್ ರಿಪೋರ್ಟ್ ಇಳಿಸಿಕೊಂಡಿದ್ದೆ. ಸ್ಥಿತಿ: ಆಕ್ಟಿವ್. ಕೊನೆಯ ಬಳಕೆ: ಹಿಂದಿನ ವಾರ. ಬಂದಿದ್ದ ಇಬ್ಬರಲ್ಲಿ ಒಬ್ಬರು ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟು ಯಾವುದೋ ಹಳೆಯ ಲ್ಯಾಪ್‌ಟಾಪಿನಲ್ಲಿ ಇನ್ನೂ ಓಡುತ್ತಿತ್ತು. ಅದನ್ನು ಬರೆದವರಿಗೇ ಅದರ ನೆನಪಿರಲಿಲ್ಲ.

ಅಂದಿನಿಂದ ನಾನು ಯಾರಿಗೂ ಬೀಗದಕೈ ಕೊಡುವುದಿಲ್ಲ, ಚೀಟಿ ಕೊಡುತ್ತೇನೆ. ಎಸ್‌ಎಸ್‌ಒ (ಸಿಂಗಲ್ ಸೈನ್-ಆನ್, ಅಂದರೆ ಕಂಪನಿಯ ಒಂದೇ ಲಾಗಿನ್‌ನಿಂದ ಎಲ್ಲ ಕಡೆ ಒಳಹೋಗುವುದು) ಮೂಲಕ ಅದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಕೈ ಪಳಗಿರುವುದು ಎಡಬ್ಲ್ಯುಎಸ್‌ನಲ್ಲಿ. ಲಾಗಿನ್ ಕಡೆ ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ. ನೀವು ಬೇರೆಯದನ್ನು ಬಳಸುತ್ತಿದ್ದರೆ ಬಟನ್‌ಗಳ ಹೆಸರು ಬದಲಾಗುತ್ತದೆ, ಎಡವುವ ಜಾಗಗಳು ಹೆಚ್ಚುಕಮ್ಮಿ ಅವೇ.

ಚೀಟಿ ಅಂದರೆ ಏನು

ಫೆಡರೇಷನ್ ಎಂಬ ಭಾರದ ಪದದ ಹಿಂದೆ ಇರುವುದು ಇಷ್ಟೇ. ಯಾರು ಯಾರು ಎಂಬುದನ್ನು ಎಡಬ್ಲ್ಯುಎಸ್ ತಾನು ಗುರುತಿಸುವುದಿಲ್ಲ. ನಿಮ್ಮ ಕಂಪನಿಯ ಲಾಗಿನ್ ವ್ಯವಸ್ಥೆ, ಅಂದರೆ ಐಡಿಪಿ, ಸಹಿ ಹಾಕಿ ಕಳಿಸಿದ ಮಾತನ್ನು ನಂಬುತ್ತದೆ. ಆ ಸಹಿ ಹಾಕಿದ ಕಾಗದ ಸ್ಯಾಮಲ್ ಎಂಬ ನಮೂನೆಯಲ್ಲಿರುತ್ತದೆ. ಸ್ಯಾಮಲ್ 2.0 ಮಾನಕವಾದದ್ದು 2005ರಲ್ಲಿ. ವಯಸ್ಸಾಗಿದೆ, ಮಾತು ಜಾಸ್ತಿ, ಎಕ್ಸ್‌ಎಂಎಲ್ ಓದಿ ಕಣ್ಣು ನೋಯುತ್ತದೆ, ಆದರೂ ಕಚೇರಿ ಲಾಗಿನ್‌ಗಳ ಲೋಕವನ್ನು ಅದು ಇನ್ನೂ ಬಿಟ್ಟುಕೊಟ್ಟಿಲ್ಲ.

ಕಾಗದ ಒಪ್ಪಿಗೆಯಾದ ಮೇಲೆ ಎಸ್‌ಟಿಎಸ್ ಎಂಬ ಸೇವೆ ತಾತ್ಕಾಲಿಕ ಕ್ರೆಡೆನ್ಶಿಯಲ್ ಕೊಡುತ್ತದೆ, ನಾನು ಚೀಟಿ ಎನ್ನುವುದು ಇದನ್ನೇ. ಇದರಲ್ಲಿ ಮೂರು ತುಂಡು: ಆಕ್ಸೆಸ್ ಕೀ, ಸೀಕ್ರೆಟ್ ಕೀ, ಸೆಷನ್ ಟೋಕನ್. ಶಾಶ್ವತ ಕೀ 'ಎಕೆಐಎ' ಎಂದು ಶುರುವಾಗುತ್ತದೆ, ತಾತ್ಕಾಲಿಕದ್ದು 'ಎಎಸ್‌ಐಎ' ಎಂದು. ಯಾರಾದರೂ ತಮ್ಮ ಸ್ಕ್ರೀನ್ ಹಂಚಿಕೊಂಡಾಗ ನಾನು ಮೊದಲು ನೋಡುವುದು ಈ ನಾಲ್ಕು ಅಕ್ಷರವನ್ನೇ. ಕೆಟ್ಟ ಅಭ್ಯಾಸ, ಒಪ್ಪಿಕೊಳ್ಳುತ್ತೇನೆ.

ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ತಾತ್ಕಾಲಿಕ ಕ್ರೆಡೆನ್ಶಿಯಲ್ ಬೇರೆ, ತಾತ್ಕಾಲಿಕ ಪ್ರವೇಶ ಬೇರೆ. ಒಂದು ಗಂಟೆಗೆ ಸಾಯುವ ಚೀಟಿ ಕೊಟ್ಟಿದ್ದೀರಿ ಅನ್ನಿ. ಆ ವ್ಯಕ್ತಿ ಮತ್ತೆ ಬಂದು ಇನ್ನೊಂದು ಚೀಟಿ ಕೇಳಿದರೆ ವ್ಯವಸ್ಥೆ ಬೇಸರವಿಲ್ಲದೆ ಕೊಡುತ್ತದೆ. ವರ್ಷವಾದರೂ ಕೊಡುತ್ತದೆ. ಚೀಟಿ ಕೇಳುವ ಹಕ್ಕಿಗೇ ಕೊನೆ ದಿನ ಇಡದಿದ್ದರೆ ನೀವು ಮಾಡಿದ್ದು ನನ್ನ ಹಳೆಯ ತಪ್ಪನ್ನೇ, ಸ್ವಲ್ಪ ಸಿಂಗಾರ ಮಾಡಿ.

ಎರಡು ಕಡೆಯ ಪರಿಚಯ ಮಾಡಿಸುವುದು

ಇದು ಒಂದೇ ಸಲದ ಕೆಲಸ. ಎಡಬ್ಲ್ಯುಎಸ್ ಆರ್ಗನೈಸೇಷನ್‌ನಲ್ಲಿ (ಕಂಪನಿಯ ಎಡಬ್ಲ್ಯುಎಸ್ ಖಾತೆಗಳ ಗುಂಪು) ಐಎಎಂ ಐಡೆಂಟಿಟಿ ಸೆಂಟರ್ ಶುರು ಮಾಡಿ, ಲಾಗಿನ್‌ಗಳನ್ನು ಆ ಖಾತೆಗಳಿಗೆ ಜೋಡಿಸುವ ಸೇವೆ ಇದು. 2022ರವರೆಗೆ ಇದರ ಹೆಸರು ಎಡಬ್ಲ್ಯುಎಸ್ ಎಸ್‌ಎಸ್‌ಒ ಎಂದಿತ್ತು, ಹಳೆಯ ಲೇಖನಗಳಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ. ಐಡೆಂಟಿಟಿ ಸೋರ್ಸ್ ಎಂಬಲ್ಲಿ ಹೊರಗಿನ ಐಡಿಪಿ ಆರಿಸಿ. ಎರಡೂ ಕಡೆಯ ಮೆಟಾಡೇಟಾ ಫೈಲುಗಳನ್ನು ಅದಲುಬದಲು ಮಾಡಿ. ಅಲ್ಲಿಗೆ ಲಾಗಿನ್ ಸಿದ್ಧ.

ಇಲ್ಲಿ ಜನ ಮುಗ್ಗರಿಸುವುದು ಹೆಸರಿನಲ್ಲಿ. ಸ್ಯಾಮಲ್ ಕಾಗದದಲ್ಲಿ ಬರುವ ನೇಮ್‌ಐಡಿ, ಐಡೆಂಟಿಟಿ ಸೆಂಟರ್‌ನಲ್ಲಿರುವ ಯೂಸರ್‌ನೇಮ್ ಎರಡೂ ಒಂದೇ ಆಗಿರಬೇಕು. ನಿಮ್ಮ ಸಿಬ್ಬಂದಿಗೆ ಇದು ತಾನಾಗಿಯೇ ಹೊಂದುತ್ತದೆ. ಹೊರಗಿನವರನ್ನು ಎಂಟ್ರಾದಲ್ಲಿ ಗೆಸ್ಟ್ ಆಗಿ ಸೇರಿಸಿದಾಗ ಅವರ ಯೂಸರ್ ಪ್ರಿನ್ಸಿಪಲ್ ನೇಮ್ (ಎಂಟ್ರಾದ ಲಾಗಿನ್ ಹೆಸರು) ಒಳಗೆ ಹ್ಯಾಷ್ ಚಿಹ್ನೆಗಳ ನಡುವೆ 'ಇಎಕ್ಸ್‌ಟಿ' ಎಂದು ಸೇರಿಕೊಂಡು ವಿಕಾರವಾಗಿರುತ್ತದೆ. ಅವರಿಗಾಗಿ ಇಮೇಲ್ ವಿಳಾಸವನ್ನು ಬಳಸುವುದಾದರೆ ಲಾಗಿನ್ ಕಡೆಯೂ ಅದನ್ನೇ ಬಳಸಿ, ಬಳಕೆದಾರರನ್ನು ಕಳಿಸುವ ಕಡೆಯೂ ಅದನ್ನೇ ಬಳಸಿ. ಒಂದು ಕಡೆ ಬದಲಾಯಿಸಿ ಇನ್ನೊಂದು ಕಡೆ ಮರೆತು ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ಬಳಕೆದಾರರನ್ನೂ ಗ್ರೂಪುಗಳನ್ನೂ ಐಡಿಪಿಯಿಂದ ಎಡಬ್ಲ್ಯುಎಸ್‌ಗೆ ತಾನಾಗಿ ದಾಟಿಸುವುದು ಸ್ಕಿಮ್ ಎಂಬ ವ್ಯವಸ್ಥೆ. ಇದನ್ನು ಖಂಡಿತ ಹಾಕಿಕೊಳ್ಳಿ. ಎಂಟ್ರಾದ ಸ್ಕಿಮ್ ಗ್ರೂಪಿನೊಳಗಿನ ಗ್ರೂಪನ್ನು ಬಿಡಿಸಿ ನೋಡುವುದಿಲ್ಲ, ನೇರ ಸದಸ್ಯರು ಮಾತ್ರ ಅದಕ್ಕೆ ಕಾಣುತ್ತಾರೆ. ಇನ್ನು ಸ್ಕಿಮ್‌ನ ಟೋಕನ್ ಆಯುಸ್ಸು ಒಂದು ವರ್ಷ. ಅದು ಮುಗಿದ ದಿನ ಲಾಗಿನ್ ನಿಲ್ಲುವುದಿಲ್ಲ, ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಆದರೆ ಗ್ರೂಪಿನಿಂದ ತೆಗೆದವರು ಎಡಬ್ಲ್ಯುಎಸ್ ಕಡೆ ಹಾಗೆಯೇ ಕೂತಿರುತ್ತಾರೆ. ಹೊಸಬರಿಗೆ ಪ್ರವೇಶ ಸಿಗದಿದ್ದರೆ ಅವರೇ ಬಂದು ಜಗಳ ಮಾಡುತ್ತಾರೆ. ಹೋದವರಿಗೆ ಪ್ರವೇಶ ಉಳಿದಿದ್ದರೆ ಯಾರೂ ಬಂದು ದೂರುವುದಿಲ್ಲ. ಟೋಕನ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚೆಯೇ ಬರೆದಿಡಿ.

ಎಂಎಫ್‌ಎ (ಪಾಸ್‌ವರ್ಡಿನ ಜೊತೆ ಕೇಳುವ ಎರಡನೇ ಪುರಾವೆ) ವಿಷಯ ಒಂದೇ ವಾಕ್ಯದ್ದು: ಹೊರಗಿನ ಐಡಿಪಿ ಬಳಸಿದಾಗ ಐಡೆಂಟಿಟಿ ಸೆಂಟರ್‌ನ ಸ್ವಂತ ಎಂಎಫ್‌ಎ ಕೆಲಸಕ್ಕೆ ಬರುವುದಿಲ್ಲ, ಅದನ್ನು ಐಡಿಪಿಯಲ್ಲೇ ಕಡ್ಡಾಯ ಮಾಡಿ.

ಎಷ್ಟು ಕೊಡಬೇಕು

ಪ್ರವೇಶದ ಅಳತೆಯನ್ನು ಪರ್ಮಿಷನ್ ಸೆಟ್ ಎಂಬುದರಲ್ಲಿ ಬರೆಯುತ್ತೇವೆ. ಅದನ್ನು ಒಂದು ಎಡಬ್ಲ್ಯುಎಸ್ ಖಾತೆಗೆ ಹಚ್ಚಿದಾಗ ಆ ಖಾತೆಯೊಳಗೆ ಒಂದು ರೋಲ್, ಅಂದರೆ ಬಂದವರು ತೊಡುವ ಅನುಮತಿಗಳ ವೇಷ, ತಾನಾಗಿ ಹುಟ್ಟುತ್ತದೆ. ಮೂರು ದಿನಕ್ಕೆ ಬರುವವರಿಗೆ "ಸದ್ಯಕ್ಕೆ ಅಡ್ಮಿನ್ ಕೊಡೋಣ, ಆಮೇಲೆ ಕಡಿಮೆ ಮಾಡೋಣ" ಎನ್ನುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಆಮೇಲೆ ಎಂಬುದು ಬಂದದ್ದನ್ನು ನಾನು ಕಂಡಿಲ್ಲ.

ಆಡಿಟರ್‌ಗಳಿಗೆ ಕೊಡುವಾಗಲೂ ಒಂದು ಸೂಕ್ಷ್ಮವಿದೆ. ಎಡಬ್ಲ್ಯುಎಸ್‌ನ ಸಿದ್ಧ ಪಾಲಿಸಿಗಳಲ್ಲಿ (ಅನುಮತಿಯ ನಿಯಮಗಳು) ರೀಡ್‌ಓನ್ಲಿಆಕ್ಸೆಸ್ ಎಂಬುದು ಹೆಸರಿಗೆ ಸಾಧು. ಆದರೆ ಫೈಲು ಇಡುವ ಎಸ್3 ಬಕೆಟ್‌ನೊಳಗಿನ ಫೈಲುಗಳನ್ನು ತೆರೆದು ಓದಲು ಅದು ಬಿಡುತ್ತದೆ. ಗ್ರಾಹಕರ ದಾಖಲೆ ಅಲ್ಲೇ ಇದ್ದರೆ ಅದೂ ಓದಿಗೆ ಸಿಕ್ಕಂತೆಯೇ. ವ್ಯೂಓನ್ಲಿಆಕ್ಸೆಸ್ ಹಾಗಲ್ಲ, ಏನೇನಿದೆ ಎಂಬ ಪಟ್ಟಿ ತೋರಿಸುತ್ತದೆ, ಒಳಗಿನದನ್ನು ತೋರಿಸುವುದಿಲ್ಲ. ಆಡಿಟರ್‌ಗೆ ನಾನು ಇದರ ಜೊತೆ ಸೆಕ್ಯುರಿಟಿಆಡಿಟ್ ಎಂಬ ಇನ್ನೊಂದು ಸಿದ್ಧ ಪಾಲಿಸಿ ಸೇರಿಸಿ ಕೊಡುತ್ತೇನೆ. ಇದುವರೆಗೆ ಯಾರೂ ಇದು ಸಾಲದು ಎಂದಿಲ್ಲ.

ಬದಲಾವಣೆ ಮಾಡುವ ಅಧಿಕಾರ ಕೊಡಲೇಬೇಕಾದವರ ವಿಷಯ ಬೇರೆ. ಅವರ ಕೆಲಸಕ್ಕೆ ಸಾಧ್ಯವಾದರೆ ಬೇರೆಯೇ ಖಾತೆ ತೆರೆಯಿರಿ. ಖಾತೆಯ ಗೋಡೆಯಷ್ಟು ಗಟ್ಟಿಯಾದದ್ದು ಯಾವ ಪಾಲಿಸಿಯೂ ಅಲ್ಲ. ಸಾಧ್ಯವಿಲ್ಲವೆಂದರೆ ಕೆಲಸಕ್ಕೆ ಬೇಕಾದ್ದನ್ನು ಕೊಟ್ಟು, ಅದರ ಮೇಲೆ ಸ್ಪಷ್ಟ ನಿಷೇಧಗಳನ್ನು ಹಾಕಿ. ಐಎಎಂ ಯೂಸರ್ ಸೃಷ್ಟಿಸುವುದು, ಆಕ್ಸೆಸ್ ಕೀ ಸೃಷ್ಟಿಸುವುದು, ಲಾಗಿನ್ ಪಾಸ್‌ವರ್ಡ್ ಇಡುವುದು, ರೋಲ್‌ಗಳ ಟ್ರಸ್ಟ್ ಪಾಲಿಸಿ (ಆ ರೋಲ್ ಯಾರು ತೊಡಬಹುದು ಎಂಬ ನಿಯಮ) ಬದಲಾಯಿಸುವುದು ಇಷ್ಟೂ ಡಿನೈ. ಇವನ್ನು ತಡೆಯದೆ ಬಿಟ್ಟರೆ ಒಂದು ಗಂಟೆಯ ಚೀಟಿ ಹಿಡಿದು ಬಂದವರು ಶಾಶ್ವತ ಬೀಗದಕೈ ಎರಕ ಹೊಯ್ದುಕೊಂಡು ಹೋಗಬಹುದು. ಎಸ್‌ಟಿಎಸ್‌ನ ಅಸ್ಯೂಮ್‌ರೋಲ್ (ಒಂದು ರೋಲ್‌ನಿಂದ ಇನ್ನೊಂದಕ್ಕೆ ಹಾರುವ ಕರೆ) ಕೂಡ ಅಗತ್ಯವಿಲ್ಲದಿದ್ದರೆ ಡಿನೈ ಮಾಡಿ. ಕಾರಣ ಮುಂದೆ ಬರುತ್ತದೆ.

ನಾಲ್ಕು ಗಡಿಯಾರ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ವ್ಯವಧಾನ ಇದ್ದರೆ ಇದನ್ನು ಓದಿ. ಒಬ್ಬರು ಒಳಗಿರುವಷ್ಟು ಹೊತ್ತು ನಾಲ್ಕು ಗಡಿಯಾರ ಒಟ್ಟಿಗೆ ಓಡುತ್ತಿರುತ್ತವೆ, ಯಾವುದೂ ಇನ್ನೊಂದರ ಮಾತು ಕೇಳುವುದಿಲ್ಲ.

ಮೊದಲನೆಯದು ಐಡಿಪಿಯ ಲಾಗಿನ್. ಎರಡನೆಯದು ಲಾಗಿನ್ ಆದವರು ಖಾತೆ ಆರಿಸುವ ಪುಟ, ಎಡಬ್ಲ್ಯುಎಸ್ ಆಕ್ಸೆಸ್ ಪೋರ್ಟಲ್‌ನ ಸೆಷನ್: ನೀವು ಮುಟ್ಟದಿದ್ದರೆ 8 ಗಂಟೆ, ಬೇಕೆಂದರೆ 15 ನಿಮಿಷದಿಂದ 90 ದಿನದವರೆಗೆ. ಮೂರನೆಯದು ಪರ್ಮಿಷನ್ ಸೆಟ್‌ನ ಸೆಷನ್, ಅಂದರೆ ನಿಜವಾದ ಚೀಟಿ: ಮುಟ್ಟದಿದ್ದರೆ 1 ಗಂಟೆ, ಗರಿಷ್ಠ 12. ನಾಲ್ಕನೆಯದು ಗ್ರೂಪಿನ ಸದಸ್ಯತ್ವ, ಅಂದರೆ ಚೀಟಿ ಕೇಳುವ ಹಕ್ಕು. ಇದಕ್ಕೆ ಮುಟ್ಟದಿದ್ದರೆ ಕೊನೆಯೇ ಇಲ್ಲ. ಐಡೆಂಟಿಟಿ ಸೆಂಟರ್‌ನಲ್ಲಿ ಖಾತೆಗೆ ಗ್ರೂಪನ್ನು ಹಚ್ಚುವ ಪುಟದಲ್ಲಿ ಕೊನೆಯ ದಿನಾಂಕ ಕೇಳುವ ಜಾಗ ನಾನು ಹುಡುಕಿದಾಗೆಲ್ಲ ಸಿಗಲಿಲ್ಲ.

ಒಂದು ಲೆಕ್ಕ ಹಾಕೋಣ. ಸಂಜೆ 6ಕ್ಕೆ ಕೆಲಸ ಮುಗಿಯಿತು, ನೀವು ಎಂಟ್ರಾದಲ್ಲಿ ಆ ಇಬ್ಬರನ್ನು ಗ್ರೂಪಿನಿಂದ ತೆಗೆದಿರಿ. ಎಂಟ್ರಾದ ಸ್ಕಿಮ್ ಸುತ್ತು ಬರುವುದು ಸುಮಾರು 40 ನಿಮಿಷಕ್ಕೊಮ್ಮೆ. ಹಾಗಾಗಿ ಎಡಬ್ಲ್ಯುಎಸ್‌ಗೆ ಸುದ್ದಿ ಮುಟ್ಟುವಾಗ 6:40 ಆಗಿರಬಹುದು. ಅವರ ಪೋರ್ಟಲ್ ಸೆಷನ್ ತೆರೆದೇ ಇದೆಯಲ್ಲ, 6:39ಕ್ಕೆ ಹೊಸ ಚೀಟಿ ತೆಗೆದುಕೊಂಡರೆ ಅದು 7:39ರವರೆಗೆ ಬದುಕಿರುತ್ತದೆ. ಒಂದು ಕಡಿಮೆ ನೂರು ನಿಮಿಷ. ಇದು ಚೀಟಿ ಒಂದು ಗಂಟೆಯದಾಗಿದ್ದರೆ. "ಪದೇ ಪದೇ ಲಾಗಿನ್ ಕೇಳುತ್ತೆ ಸಾರ್" ಎಂಬ ಗೊಣಗಾಟಕ್ಕೆ ಮಣಿದು ಯಾರೋ ಅದನ್ನು 12 ಗಂಟೆ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ 6:39ರವರೆಗೆ ಅವರು ಒಳಗೇ ಇರಬಹುದು.

ಆ ಗೊಣಗಾಟಕ್ಕೆ ಉತ್ತರವೂ ಇದೆ. ಕಮಾಂಡ್ ಲೈನ್ ಬಳಸುವವರಿಗೆ ಸಿಎಲ್‌ಐ ಎರಡನೇ ಆವೃತ್ತಿಯಲ್ಲಿ 'ಎಡಬ್ಲ್ಯುಎಸ್ ಕಾನ್ಫಿಗರ್ ಎಸ್‌ಎಸ್‌ಒ' ಒಮ್ಮೆ ಓಡಿಸಿ, ದಿನಕ್ಕೊಮ್ಮೆ 'ಎಡಬ್ಲ್ಯುಎಸ್ ಎಸ್‌ಎಸ್‌ಒ ಲಾಗಿನ್' ಮಾಡಲು ಹೇಳಿ. ಪೋರ್ಟಲ್ ಸೆಷನ್ ಇರುವಷ್ಟು ಹೊತ್ತು ಚೀಟಿ ಮುಗಿದಾಗ ಹೊಸದನ್ನು ಅದೇ ತಂದುಕೊಳ್ಳುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಮೂರನೇ ಗಡಿಯಾರವನ್ನು ಒಂದು ಗಂಟೆಯಲ್ಲೇ ಬಿಡಿ, ಎರಡನೆಯದನ್ನು ಒಂದು ಕೆಲಸದ ದಿನದಷ್ಟು ಇಡಿ. ಹತ್ತು ಗಂಟೆ ಓಡುವ ಒಂದೇ ದೊಡ್ಡ ಕೆಲಸವಿದ್ದರೆ ಅದನ್ನು ಮನುಷ್ಯರ ಚೀಟಿಯಲ್ಲಿ ಓಡಿಸುವುದೇ ತಪ್ಪು. ಅದಕ್ಕೆ ಸರ್ವರ್‌ಗೆ ಸ್ವಂತ ರೋಲ್ ಕೊಡಿ.

ಅಂದಹಾಗೆ, "ಏಳು ದಿನದ ಎಸ್3 ಲಿಂಕ್ ಕೊಟ್ಟಿದ್ದೆ, ಒಂದೇ ಗಂಟೆಗೆ ಸತ್ತುಹೋಯ್ತು" ಎಂದು ಯಾರಾದರೂ ಬಂದರೆ ಕಾರಣ ಇದೇ. ಫೈಲು ಹಂಚಲು ಮೊದಲೇ ಸಹಿ ಹಾಕಿದ ಪ್ರೀಸೈನ್ಡ್ ಲಿಂಕ್‌ಗೆ ಎಷ್ಟೇ ಅವಧಿ ಬರೆದರೂ ಅದಕ್ಕೆ ಸಹಿ ಹಾಕಿದ ಚೀಟಿ ಸತ್ತರೆ ಲಿಂಕೂ ಸಾಯುತ್ತದೆ.

ನಾಲ್ಕನೇ ಗಡಿಯಾರಕ್ಕೆ ಕೀಲಿ ಕೊಡುವುದು

ಎಂಟ್ರಾದಲ್ಲಿ ಪಿಮ್ ಎಂಬ ಸೌಲಭ್ಯವಿದೆ, ಅದಕ್ಕೆ ಬೇರೆ ಪರವಾನಗಿ ಬೇಕು. ಅದರಲ್ಲಿ ಗ್ರೂಪಿನ ಸದಸ್ಯತ್ವಕ್ಕೆ ಕೊನೆಯ ದಿನ ಇಡಬಹುದು. ಅಷ್ಟೇ ಅಲ್ಲ, ಸದಸ್ಯರನ್ನು 'ಅರ್ಹ' ಎಂದು ಮಾತ್ರ ಗುರುತಿಸಿ, ಬೇಕಾದಾಗ ಕಾರಣ ಬರೆದು, ಒಪ್ಪಿಗೆ ಪಡೆದು, ಕೆಲವೇ ಗಂಟೆಗೆ ಸಕ್ರಿಯ ಮಾಡಿಕೊಳ್ಳುವಂತೆ ಮಾಡಬಹುದು. ನಮ್ಮದೇ ಆನ್‌ಕಾಲ್ ಹುಡುಗರಿಗೆ ಪ್ರೊಡಕ್ಷನ್ ಪ್ರವೇಶ ಕೊಡುವುದು ನಾನು ಈಗ ಹೀಗೇ. ಪರವಾನಗಿಗೆ ದುಡ್ಡು ಸಿಗದಿದ್ದರೆ ಎಡಬ್ಲ್ಯುಎಸ್‌ನವರೇ ಹೊರತಂದಿರುವ ಟೀಮ್ ಎಂಬ ಮುಕ್ತ ತಂತ್ರಾಂಶ ನೋಡಿ. ಕೇಳು, ಒಪ್ಪಿಗೆ ಪಡೆ, ಅವಧಿ ಮುಗಿದರೆ ಹೊರಗೆ ಎಂಬ ಇದೇ ಸರಣಿಯನ್ನು ಅದು ಐಡೆಂಟಿಟಿ ಸೆಂಟರ್ ಮೇಲೆ ನಡೆಸುತ್ತದೆ.

ಎರಡೂ ಇಲ್ಲದಿದ್ದರೂ ಕೈಯಲ್ಲಿ ಒಂದು ಉಪಾಯವಿದೆ, ನನಗೆ ತುಂಬ ಇಷ್ಟವಾದದ್ದು. ಈ ಕೆಲಸಕ್ಕೆಂದೇ ಒಂದು ಪರ್ಮಿಷನ್ ಸೆಟ್ ಮಾಡಿ. ಅದರ ಇನ್‌ಲೈನ್ ಪಾಲಿಸಿಯಲ್ಲಿ, ಅಂದರೆ ಸೆಟ್‌ನೊಳಗೇ ಬರೆಯುವ ನಿಯಮದಲ್ಲಿ, ಒಂದು ಡಿನೈ ಬರೆಯಿರಿ: ಎಲ್ಲ ಕ್ರಿಯೆ, ಎಲ್ಲ ಸಂಪನ್ಮೂಲ, ಷರತ್ತು ಡೇಟ್‌ಗ್ರೇಟರ್‌ದ್ಯಾನ್, ಕೀ ಎಡಬ್ಲ್ಯುಎಸ್ ಕರೆಂಟ್‌ಟೈಮ್, ಬೆಲೆ ನಿಮ್ಮ ಕೊನೆಯ ಗಳಿಗೆ. ಆ ಗಳಿಗೆ ದಾಟಿದ ಮೇಲೆ ಗ್ರೂಪಿನಲ್ಲಿ ಹೆಸರಿದ್ದರೂ, ಚೀಟಿ ಹೊಸದಾಗಿದ್ದರೂ, ಏನೂ ನಡೆಯುವುದಿಲ್ಲ. ಯಾಕೆಂದರೆ ಚೀಟಿಯೊಳಗೆ ಅನುಮತಿ ಬರೆದಿರುವುದಿಲ್ಲ. ಪ್ರತಿ ಕರೆ ಬಂದಾಗಲೂ ಎಡಬ್ಲ್ಯುಎಸ್ ಪಾಲಿಸಿಯನ್ನು ಹೊಸದಾಗಿ ತೂಗಿ ನೋಡುತ್ತದೆ, ಮತ್ತು ಡಿನೈ ಇದ್ದರೆ ಎಷ್ಟು ಅಲೋ ಇದ್ದರೂ ಲೆಕ್ಕಕ್ಕಿಲ್ಲ. ಇದೇ ಕಾರಣಕ್ಕೆ ಅಲೋಗೆ ಸಮಯದ ಷರತ್ತು ಹಾಕುವುದಕ್ಕಿಂತ ಡಿನೈಗೆ ಹಾಕುವುದು ಒಳ್ಳೆಯದು. ಪಕ್ಕದಲ್ಲಿ ಇನ್ನೊಂದು ಅಲೋ ನುಸುಳಿದ್ದರೂ ನಿಮ್ಮ ಗೆರೆ ಅಳಿಸುವುದಿಲ್ಲ.

ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ. ನಾನು ಮೊದಲ ಸಲ ನನ್ನ ಕೈಗಡಿಯಾರದ ಸಮಯವನ್ನೇ ಬರೆದು ಕೊನೆಗೆ ಯುಟಿಸಿ ಸೂಚಿಸುವ 'ಜೆಡ್' ಅಂಟಿಸಿದ್ದೆ. ಪ್ರವೇಶ ಹೇಳಿದ್ದಕ್ಕಿಂತ ಕೆಲವು ಗಂಟೆ ಹೆಚ್ಚೇ ಉಳಿಯಿತು, ಅದನ್ನು ನನಗೆ ತೋರಿಸಿಕೊಟ್ಟವರು ಹೊರಗಿನಿಂದ ಬಂದವರೇ: "ಮೇಡಂ, ಮುಗಿಯುತ್ತೆ ಅಂದಿದ್ರಿ, ಇನ್ನೂ ನಡೀತಿದೆ."

ಕೊಡುವ ಮುನ್ನ ಒಂದು ಪರೀಕ್ಷೆ

ಪರೀಕ್ಷೆಗೊಂದು ಖಾಲಿ ಬಳಕೆದಾರರನ್ನು ಗ್ರೂಪಿಗೆ ಸೇರಿಸಿ, ಖಾಸಗಿ ಬ್ರೌಸರ್ ಕಿಟಕಿಯಲ್ಲಿ ಲಾಗಿನ್ ಆಗಿ. 'ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ' ಓಡಿಸಿ, ನಾನು ಯಾರು ಎಂದು ಕೇಳುವ ಕಮಾಂಡ್ ಅದು. ಇದಕ್ಕೆ ಯಾವ ಅನುಮತಿಯೂ ಬೇಡ, ಹಾಗಾಗಿ ಎಲ್ಲ ಕೆಟ್ಟಾಗಲೂ ಇದೊಂದು ಉತ್ತರ ಕೊಡುತ್ತದೆ. ಉತ್ತರದಲ್ಲಿ ಅಸ್ಯೂಮ್ಡ್ ರೋಲ್ ಎಂದಿರಬೇಕು, ರೋಲ್ ಹೆಸರು 'ಎಡಬ್ಲ್ಯುಎಸ್‌ ರಿಸರ್ವ್ಡ್‌ ಎಸ್‌ಎಸ್‌ಒ' ಎಂದು ಶುರುವಾಗಬೇಕು, ಕೊನೆಯಲ್ಲಿ ಬಳಕೆದಾರರ ಹೆಸರಿರಬೇಕು. ಆ ಕೊನೆಯ ತುಂಡೇ ನಾಳೆ ಲಾಗ್‌ನಲ್ಲಿ ಯಾರು ಏನು ಮಾಡಿದರು ಎಂದು ಹೇಳುವುದು.

ಆಮೇಲೆ ಆಗಬಾರದ್ದನ್ನು ಮಾಡಿ ನೋಡಿ. ಬಹಳ ಜನ ಆಗಬೇಕಾದ್ದು ಆಗುತ್ತದೆಯೇ ಎಂದಷ್ಟೇ ನೋಡಿ ಎದ್ದುಬಿಡುತ್ತಾರೆ. ಒಂದು ಐಎಎಂ ಯೂಸರ್ ಸೃಷ್ಟಿಸಲು ಹೋಗಿ, ಆಕ್ಸೆಸ್ ಡಿನೈಡ್ ಬರಬೇಕು. ಕೊನೆಯ ಗಳಿಗೆಯನ್ನು ಹತ್ತು ನಿಮಿಷ ಮುಂದಕ್ಕೆ ಇಟ್ಟು ಕಾಯಿರಿ. ಹನ್ನೊಂದನೇ ನಿಮಿಷಕ್ಕೆ ಬಾಗಿಲು ಮುಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆ ನಿಜವಾದ ದಿನಾಂಕ ಬರೆಯಿರಿ.

ಈಗಲೇ ಹೊರಗೆ ಹಾಕಬೇಕಾದರೆ

ಯಾರದೋ ಲ್ಯಾಪ್‌ಟಾಪ್ ಕಳುವಾಯಿತು ಅನ್ನಿ. ಕೊಟ್ಟ ಚೀಟಿಯನ್ನು ಹರಿದುಹಾಕುವ ಬಟನ್ ಎಸ್‌ಟಿಎಸ್‌ನಲ್ಲಿಲ್ಲ. ಐಡಿಪಿಯಲ್ಲಿ ಖಾತೆ ಮುಚ್ಚಿದರೆ ಹೊಸ ಲಾಗಿನ್ ನಿಲ್ಲುತ್ತದೆ, ಕೈಯಲ್ಲಿರುವ ಚೀಟಿ ನಿಲ್ಲುವುದಿಲ್ಲ. ಸಾಮಾನ್ಯ ರೋಲ್ ಆಗಿದ್ದರೆ ಐಎಎಂ ಕನ್ಸೋಲ್‌ನ ರಿವೋಕ್ ಸೆಷನ್ಸ್ ಒತ್ತಬಹುದು. ಅದು ಮಾಡುವುದೂ ಒಂದು ಡಿನೈ ಅಂಟಿಸುವುದನ್ನೇ: ಈ ಗಳಿಗೆಗಿಂತ ಮುಂಚೆ ಹೊರಟ ಟೋಕನ್‌ಗಳಿಗೆ ಎಲ್ಲವೂ ಇಲ್ಲ ಎಂದು. ಐಡೆಂಟಿಟಿ ಸೆಂಟರ್ ಹುಟ್ಟಿಸಿದ ರೋಲ್‌ಗಳನ್ನು ಖಾತೆಯೊಳಗಿಂದ ಮುಟ್ಟಲು ಬರುವುದಿಲ್ಲ. ಹಾಗಾಗಿ ಅದೇ ಡಿನೈಯನ್ನು, ಟೋಕನ್‌ಇಷ್ಯೂಟೈಮ್ ಷರತ್ತಿನೊಂದಿಗೆ, ಪರ್ಮಿಷನ್ ಸೆಟ್‌ನ ಇನ್‌ಲೈನ್ ಪಾಲಿಸಿಯಲ್ಲಿ ನೀವೇ ಬರೆಯಬೇಕು.

ಹೀಗೆ ಮಾಡಿದಾಗ ಆ ಸೆಟ್ ಬಳಸುತ್ತಿದ್ದ ನಿರಪರಾಧಿಗಳೂ ಹೊರಗೆ ಬೀಳುತ್ತಾರೆ. ಅವರು ಹೊಸ ಚೀಟಿ ತೆಗೆದುಕೊಂಡರೆ ಸರಿಹೋಗುತ್ತದೆ. ಆದರೆ ಕಳ್ಳನೂ ತೆಗೆದುಕೊಳ್ಳಬಾರದಲ್ಲ, ಅದಕ್ಕೆ ಆ ಒಬ್ಬರ ಐಡೆಂಟಿಟಿ ಸೆಂಟರ್ ಬಳಕೆದಾರ ಖಾತೆಯನ್ನು ಮೊದಲು ನಿಷ್ಕ್ರಿಯ ಮಾಡಿ, ಆಮೇಲೆ ಡಿನೈ ಹಾಕಿ. ಸ್ಕಿಮ್ ಸುತ್ತಿಗೆ ಕಾಯುತ್ತ ಕೂರಬೇಡಿ.

ಅಸ್ಯೂಮ್‌ರೋಲ್ ನಿಷೇಧಿಸಿ ಎಂದದ್ದು ಈ ಸಂದರ್ಭಕ್ಕೇ. ಒಳಬಂದವರು ಮೊದಲ ರೋಲ್‌ನಿಂದ ಎರಡನೆಯದಕ್ಕೆ ಹಾರಿದ್ದರೆ, ಎರಡನೆಯದರ ಚೀಟಿ ಬೇರೆಯೇ. ಮೊದಲನೆಯದಕ್ಕೆ ಹಾಕಿದ ಡಿನೈ ಅದನ್ನು ತಡೆಯುವುದಿಲ್ಲ. ಹೀಗೆ ಹಾರಿ ಪಡೆದ ಸೆಷನ್‌ಗೆ ಒಂದು ಗಂಟೆಯ ಮಿತಿ ಇದೆ ನಿಜ, ಆದರೆ ಆ ಒಂದು ಗಂಟೆ ನಿಮ್ಮದಲ್ಲ.

ಬಾಗಿಲೇ ಕೆಟ್ಟರೆ

ಸ್ಯಾಮಲ್ ಕಾಗದಕ್ಕೆ ಸಹಿ ಹಾಕುವ ಸರ್ಟಿಫಿಕೇಟ್‌ಗೂ ಆಯುಸ್ಸಿದೆ. ಎಂಟ್ರಾ ತಾನಾಗಿ ಮಾಡಿಕೊಡುವುದು ಮೂರು ವರ್ಷದ್ದು. ಅದನ್ನು ಹಾಕಿದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ನಮ್ಮಲ್ಲಿ ಅದು ಮುಗಿದ ದಿನ ಬೆಳಿಗ್ಗೆ ಒಬ್ಬರಿಗೂ ಒಳಗೆ ಬರಲಾಗಲಿಲ್ಲ, ಸರಿಪಡಿಸಬೇಕಾದ ನಾನೂ ಸೇರಿ. ಎಸ್‌ಎಸ್‌ಒ ಮೇಲೆ ನಿಂತಿರದ ಒಂದು ತುರ್ತು ಖಾತೆಯನ್ನು ಹಾರ್ಡ್‌ವೇರ್ ಎಂಎಫ್‌ಎ ಜೊತೆ ಬೀಗ ಹಾಕಿ ಇಟ್ಟಿರಿ. ಅದು ಲಾಗಿನ್ ಆದ ಕ್ಷಣ ಎಲ್ಲರ ಫೋನೂ ಬಡಿದುಕೊಳ್ಳುವಂತೆ ಅಲಾರಂ ಹಾಕಿ.

ಯಂತ್ರಗಳಿಗೆ, ಅಂದರೆ ಬಿಲ್ಡ್ ಪೈಪ್‌ಲೈನ್‌ಗಳಿಗೆ, ದಾರಿ ಬೇರೆ: ಸ್ಯಾಮಲ್ ಬದಲು ಓಪನ್‌ಐಡಿ ಕನೆಕ್ಟ್. ಗಿಟ್‌ಹಬ್ ಆಕ್ಷನ್ಸ್‌ನಿಂದ ರೋಲ್ ಬಳಸುವುದಾದರೆ ಟ್ರಸ್ಟ್ ಪಾಲಿಸಿಯಲ್ಲಿ 'ಸಬ್' ಎಂಬ ಷರತ್ತಿಗೆ ನಿಮ್ಮ ರೆಪೊಸಿಟರಿಯ ಹೆಸರನ್ನೇ ಬರೆಯಿರಿ. ನಕ್ಷತ್ರ ಚಿಹ್ನೆ ಹಾಕಿ ಬಿಟ್ಟರೆ ಗಿಟ್‌ಹಬ್‌ನಲ್ಲಿರುವ ಯಾರ ರೆಪೊಸಿಟರಿಯೂ ನಿಮ್ಮ ಬಾಗಿಲು ತಟ್ಟಬಹುದು.

ಹೋದ ಮೇಲೆ

ನಾಲ್ಕನೇ ದಿನ ಬೆಳಿಗ್ಗೆ ಅರ್ಧ ಗಂಟೆ ಎತ್ತಿಡಿ. ಕ್ಲೌಡ್‌ಟ್ರೇಲ್‌ನ (ಯಾರು ಏನು ಮಾಡಿದರು ಎಂಬ ಎಡಬ್ಲ್ಯುಎಸ್ ದಾಖಲೆ) ಈವೆಂಟ್ ಹಿಸ್ಟರಿಯಲ್ಲಿ ಹಿಂದಿನ 90 ದಿನದ ಆಡಳಿತ ಕ್ರಿಯೆಗಳು ಸಿಗುತ್ತವೆ. ಯೂಸರ್‌ನೇಮ್ ಎಂಬ ಜಾಗದಲ್ಲಿ ಅವರ ಸೆಷನ್ ಹೆಸರು ಹಾಕಿ ಸೋಸಿ. 'ಕ್ರಿಯೇಟ್' ಎಂದು ಶುರುವಾಗುವುದನ್ನೆಲ್ಲ ಓದಿ. ಪರೀಕ್ಷೆಗೆಂದು ತೆರೆದ ಸರ್ವರ್, ಇಡೀ ಜಗತ್ತಿಗೆ ತೆರೆದಿಟ್ಟ ಸೆಕ್ಯುರಿಟಿ ಗ್ರೂಪ್, ತೆಗೆದುಕೊಂಡ ಸ್ನ್ಯಾಪ್‌ಶಾಟ್: ಇವು ಚೀಟಿಯ ಜೊತೆ ಸಾಯುವುದಿಲ್ಲ. ಬೇಡದ್ದನ್ನು ಅಳಿಸಿ, ಬೇಕಾದ್ದಕ್ಕೆ ನಿಮ್ಮವರೊಬ್ಬರ ಹೆಸರಿನ ಟ್ಯಾಗ್ ಹಾಕಿ. ಗ್ರೂಪಿನಿಂದ ಹೆಸರು ಹೋಗಿದೆಯೇ ಎಂದು ಎಂಟ್ರಾದಲ್ಲಿ ನೋಡಿದರೆ ಸಾಲದು, ಐಡೆಂಟಿಟಿ ಸೆಂಟರ್ ಕಡೆಯೂ ನೋಡಿ. ಕೆಲಸಕ್ಕೆಂದೇ ಮಾಡಿದ ಪರ್ಮಿಷನ್ ಸೆಟ್ಟನ್ನು ಖಾತೆಯಿಂದ ಬಿಡಿಸಿ ಅಳಿಸಿ. ಅವರ ಕೊನೆಯ ಕ್ರಿಯೆಯ ಸಮಯವನ್ನು ಟಿಕೆಟ್‌ನಲ್ಲಿ ಬರೆದು ಮುಚ್ಚಿ.